ಕುಚ್ಚಲಕ್ಕಿ ಗಂಜಿ, ಪುನರ್ಪುಳಿ, ದೊಡ್ಡ ಕರುಳು: ಒಂದು ಅಧ್ಯಯನ ಟಿಪ್ಪಣಿ

ರಕ್ತಕ್ಕೆ ಸೇರದ ವಸ್ತು ವ್ಯರ್ಥ ಎಂದು ನಾವು ಔಷಧಶಾಸ್ತ್ರದ ಮೊದಲ ಪಾಠದಿಂದಲೇ ನಂಬಿಕೊಂಡು ಬಂದಿರುತ್ತೇವೆ. ದೊಡ್ಡ ಕರುಳಿನ ಕ್ಯಾನ್ಸರ್ ಓದುವಾಗ ಆ ನಂಬಿಕೆಯನ್ನು ಬದಿಗಿಡಿ. ಸಣ್ಣ ಕರುಳು ಹೀರದೆ ಬಿಟ್ಟದ್ದೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮಂಗಳೂರಿನ ನಮ್ಮ ಮನೆಗಳ ಊಟವನ್ನೇ ನೋಡಿ. ಕುಚ್ಚಲಕ್ಕಿ ಗಂಜಿ ಆರುತ್ತಿದ್ದಂತೆ ಅದರ ಪಿಷ್ಟದ ಒಂದು ಪಾಲು ಮತ್ತೆ ಬಿಗಿದುಕೊಳ್ಳುತ್ತದೆ, ಜೀರ್ಣಕಿಣ್ವಗಳಿಗೆ ಜಗ್ಗುವುದಿಲ್ಲ. ಇದೇ ನಿರೋಧಕ ಪಿಷ್ಟ. ಬಸಳೆ, ಹುರುಳಿ, ಬಾಳೆದಿಂಡುಗಳ ನಾರಿನ ಜೊತೆ ಅದು ಕೆಳಗಿಳಿದಾಗ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರು ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಮೂರರಲ್ಲಿ ಬ್ಯುಟಿರೇಟ್ ಅನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಿ. ದೊಡ್ಡ ಕರುಳಿನ ಆರೋಗ್ಯವಂತ ಜೀವಕೋಶಕ್ಕೆ ಅದು ಮುಖ್ಯ ಇಂಧನ; ಬಂದದ್ದರಲ್ಲಿ ಬಹುಪಾಲನ್ನು ಉರಿಸಿಬಿಡುತ್ತದೆ. ಕ್ಯಾನ್ಸರ್ ಕೋಶವಾದರೋ ಗ್ಲೂಕೋಸ್‌ಗೆ ಜೋತುಬಿದ್ದಿರುತ್ತದೆ. ಉರಿಯದೆ ಉಳಿದ ಬ್ಯುಟಿರೇಟ್ ಅದರೊಳಗೆ ಜಮೆಯಾಗಿ, ಜೀನ್‌ಗಳ ಚಟುವಟಿಕೆಯನ್ನು ನಿಯಂತ್ರಿಸುವ ಹಿಸ್ಟೋನ್ ಡಿಅಸಿಟೈಲೇಸ್ ಕಿಣ್ವವನ್ನು ತಡೆದು, ಕೋಶ ವಿಭಜನೆಗೆ ಅಡ್ಡಿಯಾಗುತ್ತದೆ. ಕೋಶವನ್ನು ಸಾವಿಗೂ ದೂಡಬಲ್ಲದು. ಈ ಅಧ್ಯಾಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡ ಭಾಗ ಇದೇ.

ಅರಿಶಿನದ ಕರ್ಕ್ಯುಮಿನ್ ಕೂಡ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಕರುಳಿನ ಗೋಡೆಗೆ ತಾಗುವುದೇ ಹೆಚ್ಚು. ಪ್ರಯೋಗಾಲಯದಲ್ಲಿ ಅದು ಉರಿಯೂತದ ಸಂಕೇತಗಳನ್ನು ತಗ್ಗಿಸುತ್ತದೆ.

ಪುನರ್ಪುಳಿಯ ಬಗ್ಗೆ ಮಾತ್ರ ಎಚ್ಚರ. ಅದರ ಸಿಪ್ಪೆಯ ಗಾರ್ಸಿನಾಲ್ ಇಲಿಗಳ ಕರುಳಿನಲ್ಲಿ ಕ್ಯಾನ್ಸರ್‌ಪೂರ್ವ ಗುರುತುಗಳನ್ನು ಕಡಿಮೆ ಮಾಡಿದೆ, ನಿಜ. ಆದರೆ ಒಣಗಿದ ಸಿಪ್ಪೆಯನ್ನು ನೀರಿಗೆ ಹಾಕಿದಾಗ ಬಿಡುವ ಆ ಕಡುಗೆಂಪು ಬಣ್ಣ ಆಂಥೋಸಯನಿನ್ ಎಂಬ ಬೇರೆ ವಸ್ತುವಿನದು. ಗಾರ್ಸಿನಾಲ್ ಹಳದಿ, ನೀರಿನಲ್ಲಿ ಸುಲಭವಾಗಿ ಕರಗದು. ಇಲಿಗೆ ಕೊಟ್ಟದ್ದು ನಮ್ಮ ಶರಬತ್ತಿನ ಲೋಟದಲ್ಲಿದೆ ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ.

ಇನ್ನು ಮನುಷ್ಯರ ಮೇಲಿನ ಪುರಾವೆ. ನಾರು ಹೆಚ್ಚು ತಿನ್ನುವವರಲ್ಲಿ ಈ ಕ್ಯಾನ್ಸರ್ ಕಡಿಮೆ ಎಂದು ದೊಡ್ಡ ಸಮೀಕ್ಷೆಗಳು ತೋರಿಸಿವೆ. ಆದರೂ ಅಮೆರಿಕದಲ್ಲಿ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ತೆಗೆಸಿಕೊಂಡ ಸುಮಾರು ಎರಡು ಸಾವಿರ ಜನರ ಮೇಲೆ ನಡೆದು 2000ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆಚ್ಚು ನಾರು, ಕಡಿಮೆ ಕೊಬ್ಬಿನ ಆಹಾರದಿಂದ ಪಾಲಿಪ್ ಮರುಕಳಿಸುವುದು ತಗ್ಗಲಿಲ್ಲ. ಅದು ನಡೆದದ್ದು ನಾಲ್ಕು ವರ್ಷ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕು. ಸಮೀಕ್ಷೆ, ಪ್ರಯೋಗ ಎರಡನ್ನೂ ಒಟ್ಟಿಗೆ ಬರೆದರೆ ಮಾತ್ರ ಉತ್ತರ ಪ್ರಾಮಾಣಿಕ.

ಮಲದಲ್ಲಿ ರಕ್ತ ಕಂಡವರಿಗೆ ಗಂಜಿಯ ಗುಣಗಾನ ಮಾಡುತ್ತಾ ಕೂರಬೇಡಿ, ವೈದ್ಯರ ಬಳಿ ಕಳುಹಿಸಿ. ಬೆಳೆದುನಿಂತ ಪಾಲಿಪ್ಪನ್ನು ಕಂಡುಹಿಡಿದು ಕಿತ್ತು ತೆಗೆಯುವುದು ಕೊಲೊನೊಸ್ಕೋಪಿಯ, ಅಂದರೆ ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆಯ, ಕೆಲಸ.