‘ಶ್ರೀಮಂತ ದೇಶದ ಕಾಯಿಲೆ’ ಅಂತ ಕೈ ತೋರಿಸದೆ ಕೂತವರು

ಕಳೆದ ತಿಂಗಳು ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದಿದ್ದರು. ಬಟ್ಟೆ ಹೊಲಿಯುವವರು. ಎರಡೂ ಕೈ ಮೇಜಿನ ಮೇಲಿಡಿ ಅಂದೆ. ಗೆಣ್ಣುಗಳ ನಡುವೆ ಕಾಣಬೇಕಾದ ಗುಳಿಗಳೇ ಇರಲಿಲ್ಲ, ಅಷ್ಟು ಊದಿತ್ತು. ಗೆಣ್ಣಿನ ಸಾಲನ್ನು ಎರಡು ಬದಿಯಿಂದ ಮೆಲ್ಲಗೆ ಅದುಮಿದ್ದೇ ತಡ, ಕೈ ಎಳೆದುಕೊಂಡರು. “ಬೆಳಗ್ಗೆ ಮುಷ್ಟಿ ಕಟ್ಟೋಕಾಗಲ್ಲ ಡಾಕ್ಟ್ರೇ, ಗುಂಡಿ ಹಾಕೋಕೂ ಮಗಳೇ ಬೇಕು” ಅಂದರು. ಎಷ್ಟು ದಿನದಿಂದ? ಮೂರು ವರ್ಷ. ಯಾಕೆ ಮೊದಲೇ ಬರಲಿಲ್ಲ ಅಂದರೆ, ಜೊತೆಗೆ ಬಂದಿದ್ದ ಅಣ್ಣ ತಲೆ ತಗ್ಗಿಸಿದರು. “ನಾನೇ ಬೇಡ ಅಂದೆ ಸಾರ್. ಹೀಗೆ ಕೀಲು ಊದೋ ಕಾಯಿಲೆಯೆಲ್ಲ ಶ್ರೀಮಂತ ದೇಶದವರಿಗೆ, ಕೈ ಮಣ್ಣು ಮಾಡಿಕೊಳ್ಳದವರಿಗೆ ಬರೋದು ಅಂತ ಓದಿದ್ದೆ. ಇವಳು ಚಿಕ್ಕಂದಿನಿಂದ ದುಡಿದವಳು.”

ತಂಗಿ ಅಂದ್ರೆ ಪ್ರಾಣ ಆ ಮನುಷ್ಯನಿಗೆ. ಬೈಯಲು ಮನಸ್ಸಾಗಲಿಲ್ಲ. ಆದರೆ ಈ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಕೀಲಿನ ಮೂಳೆ ಒಮ್ಮೆ ಸವೆದರೆ ಯಾವ ಮಾತ್ರೆಯೂ ಅದನ್ನು ಮೊದಲಿನಂತೆ ಮಾಡಲ್ಲ.

ಅವರು ಓದಿದ್ದು ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆಗಳ ಅಂಕಿಅಂಶ ತೆಗೆದರೆ ಶ್ರೀಮಂತ ದೇಶಗಳೇ ಮುಂದೆ ಕಾಣುತ್ತವೆ. ಆದರೆ ಆ ಅಂಕಿ ಹುಟ್ಟುವುದು ಹೇಗೆ ಅಂತ ಸ್ವಲ್ಪ ಯೋಚಿಸಿ. ಒಬ್ಬರಿಗೆ ಕೀಲು ಊದುತ್ತದೆ. ಅವರು ಒಂದು ದಿನದ ದುಡಿಮೆ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ಆ ಡಾಕ್ಟರು ಸುಮ್ನೆ ನೋವಿನ ಮಾತ್ರೆ ಕೊಟ್ಟು ಕಳಿಸದೆ ಅನುಮಾನಪಡಬೇಕು. ರಕ್ತ ಪರೀಕ್ಷೆ ಆಗಬೇಕು, ಅದಕ್ಕೆ ದುಡ್ಡು ಬೇಕು. ಕಾಯಿಲೆಯ ಹೆಸರು ಎಲ್ಲಾದರೂ ಬರೆದಿಡಬೇಕು. ಆಮೇಲೆ ಯಾರಾದರೂ ಕೂತು ಅದನ್ನೆಲ್ಲ ಕೂಡಿಸಬೇಕು. ನಡುವೆ ಒಂದೇ ಒಂದು ಕೊಂಡಿ ಕಳಚಿದರೂ ಲೆಕ್ಕದ ಪ್ರಕಾರ ಆ ವ್ಯಕ್ತಿಗೆ ಏನೂ ಆಗಿಲ್ಲ. ನನ್ನೆದುರು ಕೂತಿದ್ದ ಹೆಂಗಸು ಮೂರು ವರ್ಷ ಯಾವ ಲೆಕ್ಕದಲ್ಲೂ ಇರಲಿಲ್ಲ, ಅಲ್ವಾ?

2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಬ್ರಿಟನ್ನಿನ ಸುಮಾರು 2.2 ಕೋಟಿ ಜನರ ವೈದ್ಯಕೀಯ ದಾಖಲೆ ನೋಡಿದರು. 19 ಆಟೋಇಮ್ಯೂನ್ ಕಾಯಿಲೆಗಳಲ್ಲಿ ಒಂದಾದರೂ ಇರುವವರು ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರು. ಅಷ್ಟು ದಾಖಲೆ ಇದ್ದದ್ದಕ್ಕೇ ಆ ಲೆಕ್ಕ ಸಿಕ್ಕಿತು. ಅದೇ ಅಧ್ಯಯನದಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳನ್ನು ಊದಿಸಿ ಸವೆಸುವ ಆಟೋಇಮ್ಯೂನ್ ಕಾಯಿಲೆ), ಲೂಪಸ್ (ಚರ್ಮ, ಕೀಲು, ಮೂತ್ರಪಿಂಡಗಳನ್ನು ಕಾಡುವ ಇನ್ನೊಂದು) ಜಾಸ್ತಿ ಕಂಡದ್ದು ಬಡವರು ಇರುವ ಪ್ರದೇಶಗಳಲ್ಲಿ. ಈ ಭಾಗವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹಾಗಂತ ಎಲ್ಲವೂ ಎಣಿಕೆಯ ತಪ್ಪು ಅಂತಲೂ ಹೇಳಲಾರೆ. ಟೈಪ್ 1 ಡಯಾಬಿಟಿಸ್ ಕೂಡ ಆಟೋಇಮ್ಯೂನ್ ಕಾಯಿಲೆಯೇ. ಮಕ್ಕಳಲ್ಲಿ ಅದು ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ಫಿನ್ಲೆಂಡಿನಲ್ಲಿ. ಗಡಿ ದಾಟಿದರೆ ರಷ್ಯಾದ ಕರೇಲಿಯಾ. ಈ ಕಾಯಿಲೆಗೆ ಸಂಬಂಧಪಟ್ಟ ಜೀನ್‌ಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ, ಆದರೆ ಬಡತನ ಜಾಸ್ತಿಯಿದ್ದ ಕರೇಲಿಯಾದಲ್ಲಿ ಕಾಯಿಲೆ ಸುಮಾರು ಆರನೇ ಒಂದು ಪಾಲು ಇತ್ತು. ಮಗುವಿನ ಟೈಪ್ 1 ಡಯಾಬಿಟಿಸ್ ಚಿಕಿತ್ಸೆ ಇಲ್ಲದೆ ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಉಳಿಯುವಂಥದ್ದಲ್ಲ. ಆದ್ದರಿಂದ ಇಷ್ಟು ದೊಡ್ಡ ಅಂತರವನ್ನು ಬರೀ ಲೆಕ್ಕ ತಪ್ಪಿದೆ ಅಂತ ತಳ್ಳಿಹಾಕಲು ಆಗಲ್ಲ. ಚಿಕ್ಕಂದಿನಲ್ಲಿ ಮಣ್ಣು, ಪ್ರಾಣಿಗಳು, ಕರುಳಿನ ಬ್ಯಾಕ್ಟೀರಿಯಾಗಳ ಸಹವಾಸದಲ್ಲಿ ರಕ್ಷಣಾ ವ್ಯವಸ್ಥೆ ಪಳಗುತ್ತದೆ ಅನ್ನುವ ವಿಚಾರದಲ್ಲಿ ಹುರುಳಿದೆ ಅಂತ ನನಗೂ ಅನಿಸುತ್ತದೆ.

ಆದರೆ ಇದನ್ನು ಓದಿ ಕೈ ತೊಳೆಯುವುದು ಬಿಡಬೇಡಿ, ಮಕ್ಕಳ ಲಸಿಕೆ ತಪ್ಪಿಸಬೇಡಿ. ದಡಾರ ಯಾವ ಪಾಠವನ್ನೂ ಕಲಿಸುವುದಿಲ್ಲ, ಹಿಂದೆ ಬಂದ ಸೋಂಕುಗಳ ಬಗ್ಗೆ ರಕ್ಷಣಾ ವ್ಯವಸ್ಥೆಗಿದ್ದ ನೆನಪುಗಳಲ್ಲಿ ಎಷ್ಟನ್ನೋ ಅಳಿಸಿಹಾಕುತ್ತದೆ. ಸೋಂಕಿನಿಂದಲೇ ಶುರುವಾಗುವ ಕಾಯಿಲೆಗಳೂ ಇವೆ. ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಗಂಟಲು ಕೆಟ್ಟ ಮಗುವಿಗೆ ಕೆಲವು ವಾರಗಳ ನಂತರ ರುಮಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗುವುದುಂಟು. ಇದೂ ದೇಹ ತನ್ನ ಮೇಲೇ ತಿರುಗಿಬೀಳುವುದೇ. ಇದು ಇಕ್ಕಟ್ಟಿನ ಮನೆಗಳ, ಬಡತನದ ಕಾಯಿಲೆ. ಶ್ರೀಮಂತ ದೇಶಗಳಲ್ಲಿ ಬಹುಪಾಲು ಮಾಯವೇ ಆಗಿದೆ.

ಇನ್ನು ದೀರ್ಘಕಾಲದ ನೋವು, ಅಂದರೆ ಮೂರು ತಿಂಗಳಿಗೂ ಹೆಚ್ಚು ಕಾಲ ಬಿಡದ ನೋವು. ಇದು ಅನುಕೂಲಸ್ಥರಿಗೇ ಬರುವುದು ಅನ್ನುವ ಮಾತಿಗಂತೂ ಆಧಾರವೇ ಇಲ್ಲ. 2008ರಲ್ಲಿ ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟಿಗೆ ನೋಡಿದಾಗ, ಹಿಂದಿನ ಒಂದು ವರ್ಷದಲ್ಲಿ ದೀರ್ಘಕಾಲದ ನೋವಿನ ತೊಂದರೆ ಇತ್ತು ಅಂದವರು ಮುಂದುವರಿದ ದೇಶಗಳಲ್ಲಿ ಶೇ. 37, ಮುಂದುವರಿಯುತ್ತಿರುವ ದೇಶಗಳಲ್ಲಿ ಶೇ. 41. ಮನೆಮನೆಗೆ ಹೋಗಿ ಕೇಳಿದರೆ ನೋವು ಎಲ್ಲ ಕಡೆ ಇದೆ. ವ್ಯತ್ಯಾಸ ಇರುವುದು ಔಷಧಿಯಲ್ಲಿ. ಜಗತ್ತಿನಲ್ಲಿ ವರ್ಷಕ್ಕೆ ಹಂಚಿಕೆಯಾಗುವ ಮಾರ್ಫಿನ್ ಥರದ ನೋವುನಿವಾರಕ ಸುಮಾರು 298 ಟನ್, ಅದರಲ್ಲಿ ಕಡು ಬಡ ದೇಶಗಳಿಗೆ ಸಿಗುವುದು 0.1 ಟನ್ ಅಂತ 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ ವರದಿ ಮಾಡಿತು. ಆ ಸಾಲು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ.

ನಾನು ಕೇಳಿಕೊಳ್ಳುವುದು ಇಷ್ಟೇ. ಬೆಳಗ್ಗೆ ಎದ್ದಾಗ ಕೀಲಿನ ಬಿಗಿತ ಒಂದು ಗಂಟೆ ಹಿಡಿಯುತ್ತಿದ್ದರೆ, ಕೈಯ ಸಣ್ಣ ಕೀಲುಗಳು ಊದಿ ಕೆಲವು ವಾರವಾದರೂ ಇಳಿಯದಿದ್ದರೆ, ಯಾವ ದೇಶದ ಕಾಯಿಲೆ ಅಂತ ಯೋಚಿಸದೆ ತೋರಿಸಿ. ಎಲ್ಲ ಊತವೂ ಆಟೋಇಮ್ಯೂನ್ ಅಲ್ಲ. ದೇಹದ ವಿರುದ್ಧವೇ ತಿರುಗಿದ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುವ ಎಎನ್ಎ ಪರೀಕ್ಷೆ ಪಾಸಿಟಿವ್ ಬಂತು ಅಂದ ಮಾತ್ರಕ್ಕೆ ಲೂಪಸ್ಸೂ ಅಲ್ಲ, ಆರೋಗ್ಯವಂತರಲ್ಲೂ ಅದು ಎಷ್ಟೋ ಸಲ ಪಾಸಿಟಿವ್ ಇರುತ್ತದೆ. ಕೈ ಮುಟ್ಟಿ ನೋಡಿಯೇ ಹೇಳಬೇಕು.

ಆ ಹೆಂಗಸಿಗೆ, ರಕ್ಷಣಾ ವ್ಯವಸ್ಥೆಯ ಅಬ್ಬರ ತಗ್ಗಿಸುವ ಮೆಥೊಟ್ರೆಕ್ಸೇಟ್ ಶುರು ಮಾಡಿದ್ದೇನೆ. ಪರಿಣಾಮ ಗೊತ್ತಾಗಲು ಇನ್ನೂ ಕೆಲವು ವಾರ ಬೇಕು, ಈಗಲೇ ಏನೂ ಹೇಳಲಾರೆ. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ, ದಿನಾ ನುಂಗಿದರೆ ಜೀವಕ್ಕೇ ಅಪಾಯ ಅಂತ ಮೂರು ಸಲ ಹೇಳಿದೆ. ಅಣ್ಣ ಪೆನ್ನು ಇಸಿದುಕೊಂಡು ಚೀಟಿಯ ಹಿಂದೆ ‘ಭಾನುವಾರ ಮಾತ್ರ’ ಅಂತ ದಪ್ಪ ಅಕ್ಷರದಲ್ಲಿ ಬರೆದು, ಸರಿ ಇದೆಯಾ ನೋಡಿ ಸಾರ್ ಅಂತ ನನ್ನ ಮುಂದೆ ಹಿಡಿದರು.