ಬೋರ್ಡ್ ಬರಹಕ್ಕೆ ಮಾಸ್ಕಿಂಗ್ ಟೇಪ್: ಎಲ್ಲಿ ಯಾವುದು, ಎಲ್ಲಿ ಬೇಡವೇ ಬೇಡ

ಬಣ್ಣದ ಅಂಚು ನೇರ ಬರಲೆಂದು ಹಚ್ಚಿದ ಟೇಪ್ ಕಿತ್ತ ಮೇಲೆ ಕೆಲಸ ಕೆಡುವುದು ಎರಡೇ ರೀತಿಯಲ್ಲಿ. ಒಂದೋ ಬಣ್ಣ ಟೇಪಿನ ಅಡಿಗೆ ನುಗ್ಗಿ ಗೆರೆಯ ಅಂಚು ಹಲ್ಲುಹಲ್ಲಾಗಿರುತ್ತದೆ, ಇಲ್ಲವೇ ಟೇಪಿನ ಜೊತೆಗೆ ತಳದ ಬಣ್ಣವೂ ಎದ್ದು ಬಂದಿರುತ್ತದೆ. ಮೊದಲನೆಯದಕ್ಕೆ ಹೆದರಿ ಗಟ್ಟಿ ಅಂಟಿನ ಟೇಪ್ ತಂದರೆ ಎರಡನೆಯದು ಕಾದಿರುತ್ತದೆ. ಎರಡನೆಯದಕ್ಕೆ ಹೆದರಿ ಮೆದು ಅಂಟಿನದು ತಂದರೆ ಮೊದಲನೆಯದು. ಹಾಗಾಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಒಳ್ಳೇ ಟೇಪ್ ಕೊಡಿ’ ಎಂದರೆ ಅಂಗಡಿಯವರು ದುಬಾರಿಯದನ್ನು ಕೊಡುತ್ತಾರೆ, ಅಷ್ಟೇ. ತಳ ಯಾವುದು, ಅದು ಎಷ್ಟು ಒಣಗಿದೆ, ಮೇಲೆ ಯಾವ ಬಣ್ಣ, ಟೇಪ್ ಎಷ್ಟು ಹೊತ್ತು ಅಲ್ಲಿರಬೇಕು ಎಂಬುದನ್ನು ಮೊದಲು ನೀವು ಹೇಳುವಂತಿರಬೇಕು.

ಈ ಟೇಪ್ ಹುಟ್ಟಿದ್ದೇ ಬಣ್ಣ ಕಿತ್ತು ಬರುವ ತಲೆನೋವಿನಿಂದ. ಅಮೆರಿಕದಲ್ಲಿ ಕಾರುಗಳಿಗೆ ಎರಡು ಬಣ್ಣ ಹಚ್ಚುವ ಶೋಕಿ ಬಂದಾಗ ಪೇಂಟರ್‌ಗಳು ಗಟ್ಟಿ ಅಂಟಿನ ಪಟ್ಟಿ ಹಚ್ಚಿ, ಕೀಳುವಾಗ ಹೊಸ ಬಣ್ಣವನ್ನೂ ಕಿತ್ತುಕೊಳ್ಳುತ್ತಿದ್ದರು. 1925ರಲ್ಲಿ 3ಎಂ ಕಂಪನಿಯ ರಿಚರ್ಡ್ ಡ್ರೂ ಸುಕ್ಕು ಕಾಗದಕ್ಕೆ ಹದವಾದ ಅಂಟು ಹಚ್ಚಿ ಪರಿಹಾರ ಕೊಟ್ಟರು. ಇವತ್ತಿಗೂ ಅಂಗಡಿಯ ಸಾಮಾನ್ಯ ಮಾಸ್ಕಿಂಗ್ ಟೇಪ್ ಎಂದರೆ ಅದೇ ಜಾತಿ: ಮೇಲೆ ಸುಕ್ಕು ಕಾಗದ, ಕೆಳಗೆ ರಬ್ಬರ್ ಅಂಟು.

ಟೇಪಿನ ಮಾತಿಗೆ ಮೊದಲು ಅಕ್ಷರದ ಮಾತು. ದೇವನಾಗರಿಯಲ್ಲಿ ಪದದ ಉದ್ದಕ್ಕೂ ಒಂದೇ ನೇರ ಶಿರೋರೇಖೆ ಇದೆ. ಅದಕ್ಕೆ ಮೇಲೆ ಕೆಳಗೆ ಟೇಪ್ ಹೊಡೆದರೆ ಅರ್ಧ ಕೆಲಸ ಮುಗಿದಂತೆ. ಕನ್ನಡದ ತಲೆಕಟ್ಟು ಹಾಗಲ್ಲ, ಅದಿರುವ ಒಂದೊಂದು ಅಕ್ಷರಕ್ಕೂ ಬೇರೆ, ಚಿಕ್ಕದು, ತುದಿಯಲ್ಲಿ ಮೇಲಕ್ಕೆ ತಿರುಗುವಂಥದ್ದು. ಅದರ ಕೆಳಗಿನದೆಲ್ಲ ಸುತ್ತು. ಒತ್ತಕ್ಷರ ಬಂತೆಂದರೆ ಕೆಳಗಿನ ಗೆರೆಯೂ ಉಳಿಯುವುದಿಲ್ಲ. ‘ಲಕ್ಷ್ಮೀ’ ಬರೆಯುವಾಗ ಅಕ್ಷರದ ಬುಡಕ್ಕೆ ಟೇಪ್ ಹಚ್ಚಿದ್ದರೆ ಷ, ಮ ಎರಡೂ ಒತ್ತುಗಳು ಟೇಪಿನ ಮೇಲೆ ಬರೆದಂತಾಗಿ, ಕಿತ್ತಾಗ ಅದರ ಜೊತೆಗೇ ಹೋಗುತ್ತವೆ. ಕನ್ನಡದ ಸಾಲಿಗೆ ಪೆನ್ಸಿಲ್ ಗೆರೆ, ಕೈ ಕುದುರಿದ ಬ್ರಷ್ ಸಾಕು. ಟೇಪಿಗೆ ಕೆಲಸ ಇರುವುದು ಬಾರ್ಡರ್‌ಗೆ, ಎರಡು ಬಣ್ಣದ ಪಟ್ಟಿಗೆ, ಇಂಗ್ಲಿಷ್ ಬ್ಲಾಕ್ ಅಕ್ಷರಕ್ಕೆ, ಅಗಲ ಅಕ್ಷರದ ನೇರ ಶೇಡ್‌ಗೆ. ಸುತ್ತು ಬರುವುದಿಲ್ಲವೆಂದು ಅದನ್ನೂ ಟೇಪ್ ತುಂಡಿನಲ್ಲಿ ಕಟ್ಟಲು ಹೋದ ಬೋರ್ಡನ್ನು ರಸ್ತೆಯ ಆಚೆಯಿಂದಲೇ ಗುರುತಿಸಬಹುದು: ‘ಂ’ ಎಂಟು ಮೂಲೆಯಾಗಿರುತ್ತದೆ.

ಈಗ ಜಾತಿಗಳು. ಸಾಮಾನ್ಯ ಸುಕ್ಕು ಕಾಗದದ ಟೇಪ್ 12, 18, 24, 48 ಮಿ.ಮೀ. ಅಗಲದಲ್ಲಿ ಸಿಗುತ್ತದೆ, ಸುರುಳಿ ಹೆಚ್ಚಾಗಿ 20 ಮೀಟರ್. ಸುಕ್ಕು ಇರುವುದರಿಂದ ಅದು ಸ್ವಲ್ಪ ಹಿಗ್ಗುತ್ತದೆ, ತುಸು ಬಾಗುತ್ತದೆ. ಬಣ್ಣ ಒಳನುಗ್ಗುವುದೂ ಅದೇ ಸುಕ್ಕಿನಿಂದ. ಒಂದು ತುಂಡನ್ನು ಕಿಟಕಿ ಗಾಜಿಗೆ ಹಚ್ಚಿ, ಉಗುರಿನಿಂದ ಒತ್ತಿ, ಗಾಜಿನ ಆಚೆ ಬದಿಯಿಂದ ನೋಡಿ. ಅಂಟು ಕೂತ ಕಡೆ ಒಂದೇ ಬಣ್ಣ ಕಾಣುತ್ತದೆ, ಗಾಳಿ ಉಳಿದ ಕಡೆ ಬಿಳಿ ಚುಕ್ಕೆ, ಬಿಳಿ ಎಳೆ. ಅಂಚಿನವರೆಗೆ ಬಂದು ನಿಂತ ಒಂದೊಂದು ಬಿಳಿ ಎಳೆಯೂ ಬಣ್ಣ ಹರಿಯುವ ಕಾಲುವೆ. ಎರಡು ಮೂರು ಟೇಪುಗಳನ್ನು ಅಕ್ಕಪಕ್ಕ ಹಚ್ಚಿ ನೋಡಿದರೆ ಯಾವುದು ಕೊಳ್ಳಬೇಕೆಂದು ಕಣ್ಣೇ ಹೇಳುತ್ತದೆ.

ಜಪಾನಿನ ವಾಶಿ ಕಾಗದದ ಟೇಪಿನಲ್ಲಿ ಈ ಎಳೆಗಳು ತೀರಾ ಕಡಿಮೆ. ಸಾಮಾನ್ಯ ಟೇಪಿನ ದಪ್ಪ ಸುಮಾರು 0.14 ಮಿ.ಮೀ. ಇದ್ದರೆ ಇದರದು 0.1ಕ್ಕಿಂತಲೂ ಕಡಿಮೆ, ಮೈ ಸಪಾಟು. ದಪ್ಪ ಕಡಿಮೆಯಾದಷ್ಟೂ ಅಂಚಿನಲ್ಲಿ ಬಣ್ಣ ದಿಬ್ಬದಂತೆ ಏಳುವುದು ಕಡಿಮೆ. ಒಳಗೋಡೆಯ ಎಮಲ್ಷನ್ (ನೀರು ಬೆರೆಸುವ ಬಣ್ಣ) ಮೇಲೆ, ಹೊಸ ಬಣ್ಣದ ಮೇಲೆ ಇದಕ್ಕೆ ಸಮ ಇಲ್ಲ. ತರಿತರಿ ಗೋಡೆಗೆ ಮಾತ್ರ ದುಡ್ಡು ದಂಡ, ಬಾಗಿಸಲೂ ಬರುವುದಿಲ್ಲ.

ಬಾರ್ಡರ್‌ನ ಮೂಲೆ ದುಂಡಗೆ ಬರಬೇಕಾದರೆ ಫೈನ್‌ಲೈನ್ ಟೇಪ್ ಬೇಕು. ಇದು ಕಾಗದವಲ್ಲ, ವಿನೈಲ್; 3 ಅಥವಾ 6 ಮಿ.ಮೀ. ಅಗಲದ್ದು ಗಾಡಿಗಳ ಬಣ್ಣದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲು ಇದನ್ನು ಪೆನ್ಸಿಲ್ ಗೆರೆಗೆ ಹಚ್ಚಿ, ಅದರ ಹೊರಗಿನ ಅರ್ಧ ಅಗಲದ ಮೇಲೆ ಸಾಮಾನ್ಯ 18 ಮಿ.ಮೀ. ಟೇಪ್ ಏರಿಸಿ. ತಿರುವಿನಲ್ಲಿ ಜಗ್ಗಿ ಎಳೆಯಬೇಡಿ. ವಿನೈಲ್ ಹಿಗ್ಗಿದ್ದು ಮತ್ತೆ ಕುಗ್ಗುತ್ತದೆ; ಚಹಾ ಕುಡಿದು ಬರುವಷ್ಟರಲ್ಲಿ ತಿರುವಿನ ಒಳಬದಿ ಎದ್ದಿರುತ್ತದೆ. ಎಳೆಯದೆ, ಎಡಗೈ ಹೆಬ್ಬೆರಳಿನಿಂದ ಅರ್ಧರ್ಧ ಇಂಚು ಒತ್ತುತ್ತಾ ಬಲಗೈಯಿಂದ ತಿರುಗಿಸುತ್ತಾ ಹೋಗಬೇಕು.

ನೀಲಿ, ಹಸಿರು ಟೇಪುಗಳ ಬಗ್ಗೆ ಎರಡು ಮಾತು. ಬಣ್ಣ ನೋಡಿ ಕೊಳ್ಳಬೇಡಿ, ಒಂದೊಂದು ಕಂಪನಿಗೆ ಒಂದೊಂದು ಅರ್ಥ. 3ಎಂನ ನೀಲಿ ಟೇಪ್ ಸ್ಕಾಚ್‌ಬ್ಲೂ 2090ರ ಮೇಲೆ 14 ದಿನ ಬಿಡಬಹುದೆಂದು ಇರುತ್ತದೆ. ನಮ್ಮ ಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಆ ಮಾತು ನಂಬಿ ಕೂರದೆ ಅದೇ ದಿನ ಕಿತ್ತುಬಿಡುವುದು ಕ್ಷೇಮ. ಫ್ರಾಗ್‌ಟೇಪ್ ಎಂಬ ಹಸಿರು ಟೇಪಿನ ಅಂಚಿನಲ್ಲಿರುವ ಪುಡಿ ನೀರು ತಾಗಿದಾಗ ಉಬ್ಬಿ ದಾರಿ ಮುಚ್ಚುತ್ತದೆ. ಎಮಲ್ಷನ್‌ನಲ್ಲಿ ನೀರಿದೆ, ಹಾಗಾಗಿ ಕೆಲಸ ಮಾಡುತ್ತದೆ. ಟರ್ಪಂಟೈನ್ ಬೆರೆಸಿದ ಎನಾಮಲ್ ಎಂಬ ಎಣ್ಣೆ ಬಣ್ಣದಲ್ಲಿ ನೀರಿಲ್ಲ. ಅಲ್ಲಿ ಅದಕ್ಕೆ ಕೊಟ್ಟ ಹೆಚ್ಚಿನ ಹಣ ವ್ಯರ್ಥ. ಪಾರ್ಸೆಲ್ ಕಟ್ಟುವ ಬ್ರೌನ್ ಟೇಪ್, ಸೆಲ್ಲೋ ಟೇಪ್ ಬೋರ್ಡಿನ ಹತ್ತಿರವೂ ಬರಬಾರದು.

ಲೆಕ್ಕ ಹಾಕಿಯೇ ಕೊಳ್ಳಿ. 8 ಅಡಿ ಅಗಲ, 3 ಅಡಿ ಎತ್ತರದ ಬೋರ್ಡ್ ಎಂದುಕೊಳ್ಳಿ. ಅಂಚಿನಿಂದ 1 ಇಂಚು ಬಿಟ್ಟು, 1 ಇಂಚು ದಪ್ಪದ ಬಾರ್ಡರ್. ಅದರ ಹೊರಗೆರೆಗೆ ಸುಮಾರು 6.5 ಮೀಟರ್, ಒಳಗೆರೆಗೆ 6.3 ಮೀಟರ್ ಟೇಪ್. ಕನ್ನಡಕ್ಕೂ ಇಂಗ್ಲಿಷಿಗೂ ನಡುವೆ ಒಂದು ಬಣ್ಣದ ಪಟ್ಟಿ ಇದ್ದರೆ ಅದರ ಎರಡು ಅಂಚಿಗೆ 4.7, ಇಂಗ್ಲಿಷ್ ಸಾಲಿನ ತಲೆ-ಬುಡಕ್ಕೆ ಇನ್ನೊಂದು 4.7. ಒಟ್ಟು 22 ಮೀಟರ್ ದಾಟಿತು. ಒಂದು ಸುರುಳಿ ಸಾಲದು. ನಾಮಫಲಕದಲ್ಲಿ ಕನ್ನಡಕ್ಕೆ 60 ಶೇಕಡಾ ಜಾಗ ಎಂದು ಕರ್ನಾಟಕದಲ್ಲಿ 2024ರ ತಿದ್ದುಪಡಿ ಹೇಳುವುದರಿಂದ ನಡುವಿನ ಪಟ್ಟಿಯ ಜಾಗವನ್ನೂ ಅಳೆದೇ ಇಡಬೇಕು. 36 ಇಂಚಿಗೆ ಅದು 21.6 ಇಂಚು. ಪಟ್ಟಿಯ ಮೇಲಂಚನ್ನು ಮೇಲಿನಿಂದ 22 ಇಂಚಿಗೆ ಇಟ್ಟರೆ ಬಾರ್ಡರ್ ಕಳೆದರೂ ಕನ್ನಡಕ್ಕೆ 20 ಇಂಚು ಸಿಗುತ್ತದೆ, ಒತ್ತಕ್ಷರಕ್ಕೂ ಉಸಿರಾಡಲು ಜಾಗ.

ಗೆರೆಗೆ ದಾರ ಹೊಡೆಯುವವರು ಒಂದು ವಿಷಯ ಮರೆಯುತ್ತಾರೆ. ದಾರದ ಸುಣ್ಣದ ಪುಡಿ, ಚಾಕ್ ಪುಡಿ ತಳದಲ್ಲಿ ಉಳಿದರೆ ಟೇಪ್ ಪುಡಿಗೆ ಅಂಟುತ್ತದೆ, ಬೋರ್ಡಿಗಲ್ಲ. ದಾರದ ಗೆರೆಯ ಮೇಲೆ ತೆಳುವಾಗಿ ಪೆನ್ಸಿಲ್ ಚುಕ್ಕೆ ಇಟ್ಟು, ಪುಡಿ ಒರೆಸಿ, ಆಮೇಲೆ ಟೇಪ್. ಹಚ್ಚುವಾಗ ಒಂದು ತುದಿ ಒತ್ತಿ ಹಿಡಿದು ಎರಡು ಮೂರು ಅಡಿ ಬಿಚ್ಚಿ, ಬಿಗಿಯಾಗಿ, ಆದರೆ ಹಿಗ್ಗದಂತೆ ಹಿಡಿದು ಒಂದೇ ಸಲಕ್ಕೆ ಇಳಿಸಿ; ಇಂಚಿಂಚಾಗಿ ಹಚ್ಚಿದ ಟೇಪ್ ಹಾವಿನಂತೆ ಹೋಗುತ್ತದೆ. ಆಮೇಲೆ ಬಣ್ಣ ತಾಗುವ ಅಂಚನ್ನು ಮಾತ್ರ ಉಗುರು ಇಲ್ಲವೇ ಹಳೇ ಎಟಿಎಂ ಕಾರ್ಡಿನಿಂದ ಒತ್ತಿ. ಇಡೀ ಅಗಲವನ್ನು ಉಜ್ಜಿ ಒತ್ತಿದರೆ ಕೀಳುವಾಗ ನಿಮಗೇ ಕಷ್ಟ.

ತಳ ಒಣಗಿದೆ ಎನ್ನುವ ಮಾತಿನಲ್ಲಿ ಹೆಚ್ಚು ಜನ ಮೋಸ ಹೋಗುತ್ತಾರೆ. ಎನಾಮಲ್ ಗಾಳಿ ಹೀರಿ ಮೇಲಿನಿಂದ ಗಟ್ಟಿಯಾಗುತ್ತದೆ. ಮುಟ್ಟಿದರೆ ಒಣಗಿದೆ ಅನಿಸಿದರೂ ಒಳಗೆ ಮೆದು. ಮರುದಿನವೇ ಟೇಪ್ ಹಚ್ಚಿದರೆ ಕಿತ್ತು ಬರದಿದ್ದರೂ ಸುಕ್ಕಿನ ಅಚ್ಚು ಹೊಳಪಿನ ಮೇಲೆ ಮೂಡುತ್ತದೆ, ಅದು ಹೋಗುವುದಿಲ್ಲ. ಬೇಸಿಗೆಯಲ್ಲಿ ಎರಡು ಮೂರು ದಿನ, ಕರಾವಳಿಯ ಮಳೆಗಾಲದಲ್ಲಿ ವಾರ ಬಿಡಿ. ಮೂಲೆಯಲ್ಲಿ ಉಗುರು ಒತ್ತಿದರೆ ಗುರುತು ಬೀಳಬಾರದು. ಕಾಯಲು ಆಗದಿದ್ದರೆ ಟೇಪನ್ನು ಮೊದಲು ಒಗೆದ ಹತ್ತಿ ಬಟ್ಟೆಗೆ ಒಂದೆರಡು ಸಲ ಅಂಟಿಸಿ ಕಿತ್ತು, ಅಂಟಿನ ಜೋರು ಇಳಿಸಿ ಬಳಸಬಹುದು. ಆಗ ಅಂಚು ಮುಚ್ಚುವ ಕೆಲಸ ತಪ್ಪದೆ ಮಾಡಬೇಕಾಗುತ್ತದೆ.

ಅಂಚು ಮುಚ್ಚುವುದು ಎಂದರೆ ಇಷ್ಟೇ: ಟೇಪ್ ಹಚ್ಚಿದ ಮೇಲೆ ಅಂಚಿನ ಉದ್ದಕ್ಕೂ ತಳದ ಬಣ್ಣವನ್ನೇ ತೆಳುವಾಗಿ ಒಂದು ಕೈ ಎಳೆಯುವುದು. ಕಾಲುವೆಗೆ ನುಗ್ಗುವುದಿದ್ದರೆ ಅದೇ ನುಗ್ಗಲಿ, ತಳದಲ್ಲಿ ಕಾಣುವುದಿಲ್ಲ. ಗೋಡೆಯ ಎಮಲ್ಷನ್ ಆದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಒಣಗಿ ಮೇಲಿನ ಬಣ್ಣಕ್ಕೆ ಸಿದ್ಧ. ತಗಡಿನ ಎನಾಮಲ್‌ಗೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ ಎಂದು ಬೇಗ ಒಣಗುವ ಎನ್‌ಸಿ ಕ್ಲಿಯರ್ (ಬಣ್ಣವಿಲ್ಲದ ಲ್ಯಾಕರ್) ಹೊಡೆಯುವವರಿದ್ದಾರೆ. ಬೇಡ. ಅದರ ಥಿನ್ನರ್ ಕೆಳಗಿನ ಎನಾಮಲ್ ಅನ್ನು ಸುಕ್ಕುಗಟ್ಟಿಸುತ್ತದೆ, ಟೇಪಿನ ರಬ್ಬರ್ ಅಂಟನ್ನೂ ಕರಗಿಸುತ್ತದೆ. ಅವಸರವಿದ್ದರೆ ಮುಚ್ಚುವ ಕೈ ಬಿಟ್ಟು ಬಣ್ಣವನ್ನು ದಪ್ಪಗಿಡಿ: ಟರ್ಪಂಟೈನ್ ಕಡಿಮೆ, ಬ್ರಷ್ ಅರೆ ಒಣ, ಎಳೆತ ಟೇಪಿನ ಮೇಲಿಂದ ಒಳಕ್ಕೆ. ಒಳಗಿನಿಂದ ಟೇಪಿನ ಕಡೆಗೆ ತಳ್ಳಿದ ಬಣ್ಣ ಅಡಿಗೇ ಹೋಗುತ್ತದೆ.

ಕೀಳುವ ಹೊತ್ತು ಗಡಿಯಾರದಲ್ಲಿಲ್ಲ. ಟೇಪಿನ ಮೇಲೆ ಬಿದ್ದ ಬಣ್ಣವನ್ನು ಬೆರಳಿನಿಂದ ಮುಟ್ಟಿ: ಹರಿಯಬಾರದು, ಬೆರಳೆತ್ತಿದರೆ ದಾರದಂತೆ ಎಳೆಯಲೂ ಬಾರದು. ಟೇಪನ್ನು ಅದರ ಬೆನ್ನಿನ ಮೇಲೆಯೇ ಮಡಚಿ, ಹಸಿ ಬಣ್ಣದಿಂದ ಆಚೆಗೆ ಓರೆಯಾಗಿ, ನಿಧಾನವಾಗಿ ಎಳೆಯಿರಿ. ರಾತ್ರಿ ಬಿಟ್ಟು ಬೆಳಿಗ್ಗೆ ಕೀಳುವುದಾದರೆ ಬಣ್ಣದ ಪದರ ಟೇಪಿಗೂ ಬೋರ್ಡಿಗೂ ಸೇತುವೆಯಾಗಿರುತ್ತದೆ. ಅಂಚಿನಲ್ಲಿ ಹೊಸ ಬ್ಲೇಡ್ ಹಗುರವಾಗಿ ಆಡಿಸದೆ ಎಳೆದರೆ ಚೂರುಚೂರಾಗಿ ಒಡೆಯುತ್ತದೆ.

ಕೆಲವು ತಳಗಳಲ್ಲಿ ತಪ್ಪು ಟೇಪಿನದ್ದಲ್ಲ. ಜಿಐ ಶೀಟಿಗೆ, ಅಂದರೆ ಸತು ಲೇಪಿಸಿದ ತಗಡಿಗೆ, ನೇರ ಎನಾಮಲ್ ಹೊಡೆದಿದ್ದರೆ ಸತುವೂ ಬಣ್ಣದ ಎಣ್ಣೆಯೂ ಸೇರಿ ನಡುವೆ ಸೋಪಿನಂಥ ಪದರ ಕಟ್ಟುತ್ತದೆ, ಯಾವ ಟೇಪ್ ಹಚ್ಚಿದರೂ ಹಾಳೆಹಾಳೆಯಾಗಿ ಬರುತ್ತದೆ. ಅದಕ್ಕೆ ಮೊದಲೇ, ಬಣ್ಣ ತಗಡಿಗೆ ಹಿಡಿಯುವಂತೆ ಹೊಡೆಯುವ ವಾಶ್ ಪ್ರೈಮರ್ ಆಗಬೇಕಿತ್ತು. ಡಿಸ್ಟೆಂಪರ್, ಸುಣ್ಣದ ಗೋಡೆಗೆ ಅಂಗೈ ಉಜ್ಜಿ ಪುಡಿ ಬಂದರೆ, ಪಟ್ಟಿ ಬರುವ ಜಾಗಕ್ಕಷ್ಟೇ ವಾಟರ್ ಪ್ರೈಮರ್ ಒಂದು ಕೈ ಹೊಡೆದು ಮರುದಿನ ಟೇಪ್ ಹಚ್ಚಿ. ಮರಳು ಎದ್ದ ಕಾಂಪೌಂಡ್ ಗೋಡೆಯಲ್ಲಿ ಟೇಪ್ ಮರಳಿನ ತುದಿಗಳ ಮೇಲೆ ಮಾತ್ರ ಕೂರುತ್ತದೆ. ಅಲ್ಲಿ ಮರದ ಪಟ್ಟಿ ಹಿಡಿದು ಬ್ರಷ್‌ನಲ್ಲೇ ಗೆರೆ ಎಳೆಯುವುದು ಜಾಣತನ.

ಬಿಸಿಲಿಗೆ ಅಂಟು ಬೋರ್ಡಿನಲ್ಲೇ ಉಳಿದರೆ ಬ್ಲೇಡ್‌ನಿಂದ ಕೆರೆಯಬೇಡಿ. ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ, ಬಟ್ಟೆಗೆ ನೀಲಗಿರಿ ಎಣ್ಣೆ ಅಥವಾ ಸ್ವಲ್ಪ ಟರ್ಪಂಟೈನ್ ತಾಗಿಸಿ, ನಿಮಿಷ ಬಿಟ್ಟು ಉರುಳಿಸಿ ತೆಗೆದು, ಸೋಪು ನೀರಿನಲ್ಲಿ ಒರೆಸಿ. ಹೊಸ ಸುರುಳಿ ಕೊಳ್ಳುವಾಗ ಎರಡು ಸುತ್ತು ಬಿಚ್ಚಿ ನೋಡುವ ಹಕ್ಕು ಕೇಳಿ: ಓರೆಯಾಗಿ ಹರಿದು ಬಂದರೆ, ಇಲ್ಲವೇ ಅಂಟು ಬೆನ್ನಿನ ಮೇಲೆ ಉಳಿದರೆ ಅದು ಕಪಾಟಿನಲ್ಲಿ ಹಳತಾದ ಮಾಲು. ಮನೆಗೆ ತಂದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಇಡಿ. ಏಣಿಗೆ ನೇತುಹಾಕಿದ ಸುರುಳಿಯ ಬದಿಗೆ ಒಂದು ಕಣ ಮರಳು ಅಂಟಿದರೂ ಪ್ರತಿ ಸುತ್ತಿನಲ್ಲೂ ಅಲ್ಲೇ ಒಂದು ಕಾಲುವೆ ತೆರೆಯುತ್ತದೆ.