ನಿದ್ದೆಗೆಟ್ಟ ಕಾರು, ಬರಿದಾಗುವ ಬ್ಯಾಟರಿ

ಹೊಸ ಬ್ಯಾಟರಿ ಹಾಕಿಸಿ ತಿಂಗಳಾಗಿಲ್ಲ, ಕಾರು ಮತ್ತೆ ಸ್ಟಾರ್ಟ್ ಆಗುತ್ತಿಲ್ಲ. ಹಾಗಾದರೆ ತಪ್ಪು ಬಹುಮಟ್ಟಿಗೆ ಬ್ಯಾಟರಿಯದ್ದಲ್ಲ. ಕಾರು ಸುಮ್ನೆ ನಿಂತಿದ್ದಾಗ ಯಾವುದೋ ಒಂದು ಭಾಗ ಕರೆಂಟು ತಿನ್ನುತ್ತಿದೆ. ಅದನ್ನು ಹಿಡಿಯುವುದು ಯಾಕೆ ಕಷ್ಟ ಅಂದರೆ, ನೋಡೋಣ ಎಂದು ಬಾಗಿಲು ತೆಗೆದ ಕೂಡಲೇ ಇಡೀ ಕಾರು ಎಚ್ಚರವಾಗುತ್ತದೆ. ಆಗ ಎಲ್ಲ ಭಾಗಗಳೂ ಕರೆಂಟು ತಿನ್ನುತ್ತಿರುತ್ತವೆ.

ಕೋಲಾರದಲ್ಲಿ ದುಬಾರಿ ಕಾರುಗಳು ಈಗ ಅಪರೂಪವೇನಲ್ಲ. 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಇಲ್ಲಿನ ಎಪಿಎಂಸಿಯಲ್ಲಿ 2,000 ರೂಪಾಯಿ ದಾಟಿತ್ತು. ಅಂಥ ಸೀಸನ್ ಕಂಡ ಮನೆಯ ಮುಂದೆ ಒಂದು ಜರ್ಮನ್ ಕಾರು ಬಂದು ನಿಂತರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಅದರ ಓಡಾಟ ನೋಡಿ. ಬೆಳಗಿನ ಜಾವ ಮನೆಯಿಂದ ಮಂಡಿಗೆ, ಮಧ್ಯಾಹ್ನ ಮಂಡಿಯಿಂದ ಮನೆಗೆ. ಸೀಸನ್ ಮುಗಿದರೆ ವಾರಗಟ್ಟಲೆ ಶೆಡ್ಡಿನಲ್ಲಿ. ಸರ್ವಿಸ್‌ಗೆ ಮಾತ್ರ ಬೆಂಗಳೂರಿಗೇ ಹೋಗಬೇಕು, ಸುಮಾರು 70 ಕಿಲೋಮೀಟರ್. ಬ್ಯಾಟರಿ ಡೌನ್ ಆಗುವುದಕ್ಕೂ, ಅದರ ಕಾರಣ ಯಾರ ಕಣ್ಣಿಗೂ ಬೀಳದೆ ಉಳಿಯುವುದಕ್ಕೂ ಇದಕ್ಕಿಂತ ಅನುಕೂಲ ಬೇಕಿಲ್ಲ.

ಮೊದಲು ಲೆಕ್ಕ ನೋಡೋಣ. ಕಾರಿನಲ್ಲಿರುವ ಸೀಸದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದರು. ಒಳಗಿನ ರಸಾಯನ ಈಗಲೂ ಅದೇ. ಸುಮಾರು 2.1 ವೋಲ್ಟಿನ ಆರು ಸೆಲ್ಲುಗಳು ಸಾಲಾಗಿ ಇರುತ್ತವೆ. ಪೂರ್ತಿ ತುಂಬಿದಾಗ 12.6 ವೋಲ್ಟಿನಿಂದ ಮೇಲೆ, ಅರ್ಧ ಖಾಲಿಯಾದಾಗ 12.2ರ ಹತ್ತಿರ, 11.8 ಅಂದರೆ ಬರಿದು. ಕಾರು ಕೆಲವು ಗಂಟೆ ನಿಂತ ಮೇಲೆ ಅಳೆದ ಅಂಕಿಗೆ ಮಾತ್ರ ಈ ಅರ್ಥ. ಓಡಿಸಿ ತಂದ ಕೂಡಲೇ ಅಳೆದರೆ ಸುಳ್ಳು ಹೇಳುತ್ತದೆ.

ಬ್ಯಾಟರಿಯನ್ನು ಜಾಸ್ತಿ ತಿನ್ನುವುದು ಸೆಲ್ಫ್ ಹೊಡೆಯುವುದೇ ಅಂದುಕೊಂಡಿದ್ದೇವೆ, ಅಲ್ವಾ? ಸ್ಟಾರ್ಟರ್ ಮೋಟಾರು 200 ಆಂಪಿಯರ್ ಎಳೆಯಬಹುದು, ನಿಜ. ಆದರೆ ಎಳೆಯುವುದು ಒಂದು ಸೆಕೆಂಡು. (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್.) ಅಂದರೆ 0.06 ಆಂಪಿಯರ್-ಅವರ್‌ಗೂ ಕಡಿಮೆ. ಇತ್ತ ಅರ್ಧ ಆಂಪಿಯರ್ ಎಳೆಯುವ ಸಣ್ಣ ಸೋರಿಕೆ ರಾತ್ರಿಯ ಹತ್ತು ಗಂಟೆಯಲ್ಲಿ 5 ಆಂಪಿಯರ್-ಅವರ್ ತಿನ್ನುತ್ತದೆ. ಹೆಚ್ಚುಕಡಿಮೆ ತೊಂಬತ್ತು ಸಲ ಸ್ಟಾರ್ಟ್ ಮಾಡುವಷ್ಟು! ಸದ್ದಿಲ್ಲದ ಸಣ್ಣ ಕರೆಂಟಿನ ತಾಕತ್ತು ಅದು ಹರಿಯುವ ಹೊತ್ತಿನಲ್ಲಿದೆ.

ಲಾಕ್ ಆದ ಕಾರು ಸ್ವಲ್ಪವಾದರೂ ಕರೆಂಟು ತಿನ್ನಲೇಬೇಕು. ಅಲಾರ್ಮು, ಗಡಿಯಾರ, ಕೀ ಬಂತೇ ಎಂದು ಕಿವಿಗೊಟ್ಟಿರುವ ರಿಸೀವರು, ಇವಕ್ಕೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಸಾಮಾನ್ಯ. 80 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧ ಖರ್ಚಾಗುವವರೆಗೆ ಕಾರು ಸ್ಟಾರ್ಟ್ ಆಗುತ್ತದೆ ಅಂದುಕೊಂಡರೆ, 50 ಮಿಲಿಆಂಪಿಯರಿಗೆ ಒಂದು ತಿಂಗಳು ತಳ್ಳಬಹುದು. ಇದೇ ಲೆಕ್ಕವನ್ನು ತಿರುಗಿಸಿದರೆ ಮೀಟರ್ ಇಲ್ಲದೆಯೇ ಅರ್ಧ ರೋಗ ಗೊತ್ತಾಗುತ್ತದೆ. ಮೂರು ದಿನ ನಿಂತರೆ ಸಾಕು, ಸ್ಟಾರ್ಟ್ ಆಗಲ್ಲ ಅನ್ನುತ್ತೀರಾ? 80ರ ಅರ್ಧ, ಅಂದರೆ 40ನ್ನು 72 ಗಂಟೆಯಿಂದ ಭಾಗಿಸಿ. ಅರ್ಧ ಆಂಪಿಯರಿಗಿಂತ ತುಸು ಜಾಸ್ತಿ ಬರುತ್ತದೆ. 5 ವ್ಯಾಟಿನ ಒಂದು ಬಲ್ಬು ಉರಿದರೂ 0.4 ಆಂಪಿಯರ್ ಆಗುತ್ತದೆ, ಹಾಗಾಗಿ ಡಿಕ್ಕಿ ದೀಪವೋ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ದೀಪವೋ ಆರದೆ ಉಳಿದಿರಬಹುದು, ಇಲ್ಲವೇ ಒಂದು ಮಾಡ್ಯೂಲ್, ಅಂದರೆ ಕಾರಿನೊಳಗಿನ ಒಂದು ಸಣ್ಣ ಕಂಪ್ಯೂಟರು, ಮಲಗಿಲ್ಲ. ಒಂದೇ ರಾತ್ರಿಯಲ್ಲಿ ಸತ್ತರೆ ನಾಲ್ಕು ಆಂಪಿಯರ್ ಹೋಗುತ್ತಿದೆ. ಅಷ್ಟು ತಿನ್ನಬೇಕಾದರೆ ಬಲ್ಬು ಸಾಲದು, ಫ್ಯಾನು, ಪಂಪು, ಹೀಟರಿನಂಥದ್ದು ಬೇಕು, ಅಥವಾ ಕಾರಿಗೆ ಕಾರೇ ಎಚ್ಚರವಾಗಿರಬೇಕು.

ಇಡೀ ಕಾರು ಎಚ್ಚರವಾಗಿರುವುದು ಹೇಗೆ? ಹೊಸ ಐಷಾರಾಮಿ ಕಾರಿನಲ್ಲಿ ಇಸಿಯು ಎನ್ನುವ ಸಣ್ಣ ಕಂಪ್ಯೂಟರುಗಳು ನೂರರ ಹತ್ತಿರ ಇರಬಹುದು. ಸೀಟಿಗೊಂದು, ಬಾಗಿಲಿಗೊಂದು, ಡಿಕ್ಕಿಗೊಂದು, ಸನ್‌ರೂಫಿಗೊಂದು. ಇವೆಲ್ಲ ಕ್ಯಾನ್ ಎಂಬ ಜೋಡಿ ತಂತಿಯ ಜಾಲದಲ್ಲಿ ಮಾತಾಡಿಕೊಳ್ಳುತ್ತವೆ. ಬಾಷ್ ಕಂಪನಿ ಈ ಪದ್ಧತಿಯನ್ನು ಜಗತ್ತಿಗೆ ತೋರಿಸಿದ್ದು 1986ರಲ್ಲಿ. ಕಾರು ಲಾಕ್ ಮಾಡಿದ ಮೇಲೆ ಇವು ಒಂದೊಂದಾಗಿ ಕೆಲಸ ಮುಗಿಸುತ್ತವೆ, ಜಾಲದಲ್ಲಿ ಮಾತು ನಿಂತ ಮೇಲೆ ಮಲಗುತ್ತವೆ. ಕೆಲವು ಕಾರುಗಳಿಗೆ ಇದಕ್ಕೆ ಕೆಲವೇ ನಿಮಿಷ ಸಾಕು, ಕೆಲವಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆದರೆ ಒಂದೇ ಒಂದು ಮಾಡ್ಯೂಲ್ ಮಾತು ನಿಲ್ಲಿಸದಿದ್ದರೆ, ಆ ತಂತಿಯ ಮೇಲಿರುವ ಉಳಿದವೂ ಮಲಗುವ ಹಾಗಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂತ ಮಗುವಿನ ಮನೆ ಇದ್ದ ಹಾಗೆ. ಹೀಗಾಗಿ ತಪ್ಪು ಮಾಡಿದ ಮಾಡ್ಯೂಲ್ ತಾನು ತಿನ್ನುವುದು ಕಡಿಮೆ, ಉಳಿದವರಿಂದ ತಿನ್ನಿಸುವುದು ಜಾಸ್ತಿ. ಎಲ್ಲಿ ಕರೆಂಟು ಹೆಚ್ಚು ಹೋಗುತ್ತಿದೆಯೋ ಅಲ್ಲೇ ದೋಷವಿದೆ ಎಂಬ ಹಳೇ ಸೂತ್ರ ಇಲ್ಲಿ ಮೋಸ ಮಾಡುತ್ತದೆ.

ನಿದ್ದೆ ಕೆಡಿಸಲು ಮಾಡ್ಯೂಲ್ ಕೆಟ್ಟೇ ಇರಬೇಕು ಅಂತಲೂ ಇಲ್ಲ. ಕೀಲೆಸ್ ಕಾರಿನ ಕೀಯನ್ನು ಪೋರ್ಟಿಕೋ ಪಕ್ಕದ ಗೋಡೆಯ ಮೊಳೆಗೆ ನೇತುಹಾಕಿದರೆ, ಕಾರು ಮತ್ತೆ ಮತ್ತೆ ಮಾಲೀಕರು ಬಂದರೆಂದು ಏಳಬಹುದು. ಫೋನಿನ ಆ್ಯಪಿನಲ್ಲಿ ಕಾರು ಹೇಗಿದೆ ಎಂದು ನೋಡಿದಾಗಲೂ ಅದು ಎದ್ದೇ ಉತ್ತರ ಕೊಡಬೇಕು. (ಬ್ಯಾಟರಿ ಸತ್ತೀತು ಎಂಬ ಭಯಕ್ಕೆ ಗಂಟೆಗೊಮ್ಮೆ ಆ್ಯಪ್ ತೆರೆಯುವವರಿದ್ದಾರೆ.) ಕಾರಿನೊಳಗಿನ ಸಿಮ್ಮಿಗೆ ನೆಟ್‌ವರ್ಕ್ ಸರಿಯಾಗಿ ಸಿಗದ ಜಾಗದಲ್ಲಿ ಅದು ಹುಡುಕುತ್ತಲೇ ಇದ್ದುಬಿಡಬಹುದು. ಸ್ಕ್ಯಾನರ್ ಜೋಡಿಸುವ ಒಬಿಡಿ ಪೋರ್ಟಿಗೆ ಚುಚ್ಚಿದ ಜಿಪಿಎಸ್ ಟ್ರ್ಯಾಕರು, ಪಾರ್ಕಿಂಗ್ ಮೋಡಿನಲ್ಲಿ ರಾತ್ರಿಯಿಡೀ ಕಣ್ಣು ಬಿಟ್ಟಿರುವ ಡ್ಯಾಶ್‌ಕ್ಯಾಮು ಇದ್ದರಂತೂ ಕೇಳುವುದೇ ಬೇಡ. ಹೊರಗಡೆ ಹಾಕಿಸಿದ ಸಾಮಾನುಗಳನ್ನು ಮೊದಲೇ ಬಿಚ್ಚಿಸಿ, ಆಮೇಲೂ ತೊಂದರೆ ಮುಂದುವರಿದಿದೆ ಎಂದು ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಸರ್ವಿಸ್ ಸೆಂಟರಿನವರ ಮೊದಲ ಮಾತು ಅದೇ ಆಗಿರುತ್ತದೆ, ಅವರ ಮಾತಿನಲ್ಲಿ ನ್ಯಾಯವೂ ಇರುತ್ತದೆ.

ಈಗ ಅಳೆಯುವ ವಿಷಯ. ಹಳೇ ಪದ್ಧತಿಯಲ್ಲಿ ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ನಡುವೆ ಮಲ್ಟಿಮೀಟರ್ ಸೇರಿಸುತ್ತಿದ್ದರು. ಹೊಸ ಕಾರಿನಲ್ಲಿ ಇದು ಕೆಲಸ ಕೆಡಿಸುತ್ತದೆ. ವೈರು ಬಿಚ್ಚಿದ ಕೂಡಲೇ ಎಲ್ಲ ಕಂಪ್ಯೂಟರುಗಳೂ ಹೊಸದಾಗಿ ಶುರುವಾಗುತ್ತವೆ. ಸಿಕ್ಕಿಹಾಕಿಕೊಂಡಿದ್ದ ಮಾಡ್ಯೂಲ್ ಸರಿಹೋಗಿಬಿಡಬಹುದು, ದೋಷ ಕೆಲವು ದಿನ ಮಾಯ. ಅದರ ಮೇಲೆ, ಮೀಟರ್ ಇರುವಾಗ ಯಾರಾದರೂ ಬಾಗಿಲು ತೆಗೆದರೆ ಅದರೊಳಗಿನ 10 ಆಂಪಿಯರ್ ಫ್ಯೂಸು ಹಾರಬಹುದು.

ಒಳ್ಳೆಯ ದಾರಿ ಡಿಸಿ ಕ್ಲ್ಯಾಂಪ್ ಮೀಟರ್. ವೈರಿನ ಸುತ್ತ ಹಿಡಿದರೆ ಸಾಕು, ಏನನ್ನೂ ಬಿಚ್ಚಬೇಕಿಲ್ಲ. ಕರೆಂಟು ಹರಿಯುವ ವೈರಿನ ಸುತ್ತ ಕಾಂತಕ್ಷೇತ್ರ ಇರುತ್ತದೆ, ಅದನ್ನು ಒಂದು ಅರೆವಾಹಕದ ಚೂರು ಅಳೆಯುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಗುಣ ಇದು. ಮನೆ ವೈರಿಂಗ್ ಮಾಡುವವರ ಬಳಿ ಇರುವ ಅಗ್ಗದ ಕ್ಲ್ಯಾಂಪ್ ಹೆಚ್ಚಾಗಿ ಎಸಿ ಕರೆಂಟಿಗೆ ಮಾತ್ರ, ಅದು ಇಲ್ಲಿ ನಡೆಯುವುದಿಲ್ಲ. ಬಾನೆಟ್ ಮತ್ತು ಬಾಗಿಲು ತೆರೆದಿಟ್ಟು, ಅವುಗಳ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ‘ಮುಚ್ಚಿದೆ’ ಎಂದು ಕಾರನ್ನು ನಂಬಿಸಬೇಕು. ಮುಗಿದ ಮೇಲೆ ಲ್ಯಾಚ್ ಬಿಡಿಸದೆ ಬಾಗಿಲು ಹಾಕಿದರೆ ಮುರಿದೀತು, ಜೋಪಾನ. ಕಾರು ಲಾಕ್ ಮಾಡಿ, ಕೀಯನ್ನು ದೂರ ಇಟ್ಟು, ಒಂದು ಗಂಟೆ ಅದರ ತಂಟೆಗೆ ಹೋಗಬಾರದು.

ಆಮೇಲೆ ಫ್ಯೂಸುಗಳ ಸರದಿ. ಒಂದೊಂದೇ ಕಿತ್ತು ನೋಡುವ ಅಭ್ಯಾಸ ನಮ್ಮಲ್ಲಿದೆ. ಆದರೆ ಕಿತ್ತರೂ, ವಾಪಸ್ ಹಾಕಿದರೂ ಕಾರು ಏಳಬಹುದು, ಮತ್ತೆ ಒಂದು ಗಂಟೆ ಕಾಯಬೇಕು. ಕೀಳದೆಯೂ ನೋಡಬಹುದು. ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳು ಕಾಣುತ್ತವೆ. ಅಲ್ಲಿ ಮೀಟರಿನ ಎರಡು ಮೊನೆ ಇಟ್ಟು ಮಿಲಿವೋಲ್ಟ್ ನೋಡಬೇಕು. ಫ್ಯೂಸಿಗೂ ಸ್ವಲ್ಪ ರೆಸಿಸ್ಟೆನ್ಸ್ ಇದೆ, 10 ಆಂಪಿಯರಿನ ಚಿಕ್ಕ ಫ್ಯೂಸಿಗೆ ಸುಮಾರು 7-8 ಮಿಲಿಓಮ್. ಕರೆಂಟು ಹೋಗದಿದ್ದರೆ ಸೊನ್ನೆ. ಒಂದು ಮಿಲಿವೋಲ್ಟ್ ಕಂಡರೆ ಆ ದಾರಿಯಲ್ಲಿ ಸುಮಾರು 130 ಮಿಲಿಆಂಪಿಯರ್ ಹೋಗುತ್ತಿದೆ. ಹೈಸ್ಕೂಲಿನ ಓಮನ ನಿಯಮ, ಅಷ್ಟೇ. ನನಗೆ ಈ ಇಡೀ ವಿದ್ಯೆಯಲ್ಲಿ ತುಂಬಾ ಹಿಡಿಸಿದ್ದು ಇದು.

ಅಷ್ಟೆಲ್ಲ ಮಾಡಿಯೂ ಅಂಕಿ 30 ಮಿಲಿಆಂಪಿಯರ್ ಬಂದರೆ? ‘ಕಾರು ಚೆನ್ನಾಗಿದೆ’ ಎಂದು ಕಳಿಸಿಬಿಡುತ್ತಾರೆ. ಎಡವುವುದು ಇಲ್ಲೇ. ಕಾರು ಐವತ್ತು ನಿಮಿಷ ಚೆನ್ನಾಗಿ ಮಲಗಿ, ಹತ್ತು ನಿಮಿಷ ಎದ್ದು 5 ಆಂಪಿಯರ್ ತಿಂದು, ಮತ್ತೆ ಮಲಗುತ್ತಿರಬಹುದು. ಸರಾಸರಿ ತೆಗೆದರೆ ಸುಮಾರು 0.86 ಆಂಪಿಯರ್. ನೋಡಿದ ಆ ಐದು ನಿಮಿಷದಲ್ಲಿ ಮಾತ್ರ 30 ಮಿಲಿಆಂಪಿಯರ್. ಇದನ್ನು ಹಿಡಿಯಬೇಕಾದರೆ ರಾತ್ರಿಯಿಡೀ ಕರೆಂಟನ್ನು ದಾಖಲಿಸುವ ಲಾಗರ್ ಬೇಕು. ಹಲವು ದುಬಾರಿ ಕಾರುಗಳಲ್ಲಿ ನೆಗೆಟಿವ್ ಟರ್ಮಿನಲ್ಲಿನ ಮೇಲೆ ಕರೆಂಟು, ವೋಲ್ಟೇಜು, ಬಿಸಿ ಮೂರನ್ನೂ ಅಳೆಯುವ ಸೆನ್ಸರ್ ಕಂಪನಿಯೇ ಇಟ್ಟಿರುತ್ತದೆ. ನಿಂತಾಗ ಎಷ್ಟು ಕರೆಂಟು ಹೋಯಿತು, ಯಾವಾಗ ಎದ್ದಿತು ಎಂಬ ಚರಿತ್ರೆ ಎಷ್ಟೋ ಕಾರುಗಳ ನೆನಪಿನಲ್ಲಿ ಉಳಿದಿರುತ್ತದೆ. ಕಂಪನಿಯ ಸ್ಕ್ಯಾನರಿಗೆ ಅದು ಸಿಗುತ್ತದೆ. ಅದನ್ನೇ ತೆಗೆದು ತೋರಿಸಿ ಎಂದು ಕೇಳಿ.

ನಮ್ಮ ಕಡೆಯ ಆಟೋ ಎಲೆಕ್ಟ್ರಿಷಿಯನ್‌ಗಳು ಇಂಥ ಕಾರು ಬಂದರೆ, ‘ಇದಕ್ಕೆ ನಾವು ಕೈ ಹಾಕಲ್ಲ ಸಾರ್, ಕಂಪನಿಗೇ ಬಿಡಿ’ ಅನ್ನುತ್ತಾರೆ. ವಾರಂಟಿ ಇರುವಾಗ ಅದು ಒಳ್ಳೆಯ ಬುದ್ಧಿಮಾತು. ವೈರು ಕತ್ತರಿಸಿದ ಗುರುತು ಒಂದು ಸಿಕ್ಕರೂ ವಾದ ತಲೆಕೆಳಗಾಗುತ್ತದೆ. ಕ್ಲ್ಯಾಂಪ್ ಹಿಡಿದು ಅಳೆದರೆ ಮಾತ್ರ ಗುರುತು ಉಳಿಯುವುದಿಲ್ಲ. ಇನ್ನೊಂದು ಎಚ್ಚರಿಕೆ ಮಂಡಿಯವರಿಗೇ ಹೇಳಬೇಕು. ಯಾರ್ಡಿನಲ್ಲಿ ಲಾರಿ ಪಕ್ಕದಲ್ಲೇ ಇದೆ ಎಂದು ಅದರ ಬ್ಯಾಟರಿಗೆ ಕೇಬಲ್ ಕೊಟ್ಟು ಕಾರನ್ನು ಜಂಪ್ ಸ್ಟಾರ್ಟ್ ಮಾಡಬೇಡಿ. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಕಾರಿನ ಕಂಪ್ಯೂಟರುಗಳು ಒಂದೇ ಏಟಿಗೆ ಸುಟ್ಟು, ಲಕ್ಷಗಟ್ಟಲೆ ಬಿಲ್ಲು ಆಗಬಹುದು.

ಇನ್ನು ಬೆಂಗಳೂರಿನ ಪ್ರಯಾಣ. ಜಂಪ್ ಮಾಡಿ, ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಒಂದೂವರೆ ಗಂಟೆ ಓಡಿಸಿಕೊಂಡು ಹೋಗುತ್ತೀರಿ. ದಾರಿಯುದ್ದಕ್ಕೂ ಆಲ್ಟರ್ನೇಟರ್ 14 ವೋಲ್ಟಿನ ಆಸುಪಾಸಿನಲ್ಲಿ ಚಾರ್ಜ್ ಮಾಡುತ್ತದೆ. ಅಲ್ಲಿ ತಲುಪುವ ಹೊತ್ತಿಗೆ ಬ್ಯಾಟರಿ ಚೇತರಿಸಿಕೊಂಡಿರುತ್ತದೆ, ಟೆಸ್ಟರ್ ‘ಸರಿ ಇದೆ’ ಅನ್ನುತ್ತದೆ. ಸ್ಕ್ಯಾನ್ ಮಾಡಿದರೆ ಹತ್ತಾರು ಫಾಲ್ಟ್ ಕೋಡು ಬರಬಹುದು, ಹೆಚ್ಚಿನವು ವೋಲ್ಟೇಜ್ ಕಡಿಮೆಯಾಗಿತ್ತು ಎಂಬುದನ್ನೇ ಬೇರೆ ಬೇರೆ ಮಾಡ್ಯೂಲುಗಳು ಹೇಳಿದ್ದು. ಅವೆಲ್ಲ ಪರಿಣಾಮ, ಕಾರಣವಲ್ಲ. ಅವನ್ನು ಅಳಿಸಿ, ಕಾರು ತೊಳೆದು ಕೊಡುತ್ತಾರೆ. ಅಳಿಸುವ ಮೊದಲು ಪ್ರಿಂಟ್ ಕೇಳುವುದು ನಿಮ್ಮ ಕೆಲಸ. ಕಾರನ್ನು ಅಲ್ಲೇ ಎರಡು ಮೂರು ರಾತ್ರಿ ಚಾರ್ಜರ್ ಹಾಕದೆ ಲಾಕ್ ಮಾಡಿ ನಿಲ್ಲಿಸಿ, ಕರೆಂಟು ದಾಖಲಿಸಿ ಎಂದು ಜಾಬ್ ಕಾರ್ಡಿನಲ್ಲೇ ಬರೆಸಿ. ‘ಬ್ಯಾಟರಿ ಸಮಸ್ಯೆ’ ಎಂದಷ್ಟೇ ಬರೆದರೆ ಬ್ಯಾಟರಿಯನ್ನಷ್ಟೇ ನೋಡುತ್ತಾರೆ. ‘ಮೂರು ದಿನ ನಿಂತರೆ ಸ್ಟಾರ್ಟ್ ಆಗುವುದಿಲ್ಲ, ಹೊರಗಿನ ಸಾಮಾನು ಯಾವುದೂ ಇಲ್ಲ’ ಎಂದು ಬರೆಸಿದರೆ ಹುಡುಕಬೇಕಾದ್ದು ಬೇರೆ ಎಂದು ಕಾಗದವೇ ಹೇಳುತ್ತದೆ.

ಅಷ್ಟಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ನೀವಿರುವ ಊರಿನಲ್ಲೇ ದೂರು ಕೊಡಬಹುದು, ಆದರೆ ಕಾರಿಗೆ ಕೊಟ್ಟ ಹಣ 50 ಲಕ್ಷ ದಾಟಿದ್ದರೆ ಅದು ಕೋಲಾರದ ಜಿಲ್ಲಾ ಆಯೋಗಕ್ಕೆ ಬರುವುದಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ದೂರಿಗೆ ಎರಡು ವರ್ಷದ ಗಡುವಿದೆ. ಕಾರನ್ನು ಮಂಡಿಯ ಹೆಸರಿನಲ್ಲಿ ಕೊಂಡಿದ್ದರೆ, ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಎಂಬ ತಕರಾರು ಎದುರಾಗಬಹುದು.

ಕಾರಣ ಸಿಕ್ಕಿ, ಮಾಡ್ಯೂಲ್ ಬದಲಾಯಿಸಿದರು ಅಥವಾ ಸಾಫ್ಟ್‌ವೇರ್ ಹಾಕಿದರು ಅನ್ನಿ. ಬ್ಯಾಟರಿಯ ಮಾತು ಆಗ ಎತ್ತಬೇಕು. ಸೀಸದ ಬ್ಯಾಟರಿ ಬರಿದಾಗಿ ದಿನಗಟ್ಟಲೆ ಬಿದ್ದರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಎಷ್ಟು ಚಾರ್ಜ್ ಮಾಡಿದರೂ ಆ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ನಾಲ್ಕೈದು ಸಲ ಸತ್ತು ಬದುಕಿದ ಬ್ಯಾಟರಿ ವೋಲ್ಟೇಜ್ ಸರಿಯಾಗಿ ತೋರಿಸಿದರೂ ಹಿಡಿಯುವುದು ಕಡಿಮೆ. ಆದ್ದರಿಂದ ಅದನ್ನೂ ವಾರಂಟಿಯಲ್ಲೇ ಬದಲಿಸಿ ಎಂದು ಕೇಳುವುದು ನ್ಯಾಯ. ಹಲವು ಕಾರುಗಳಲ್ಲಿ ಹೊಸ ಬ್ಯಾಟರಿ ಕೂರಿಸಿದರಷ್ಟೇ ಸಾಲದು, ಸ್ಕ್ಯಾನರಿನಿಂದ ಕಾರಿಗೆ ತಿಳಿಸಲೂ ಬೇಕು. ತಿಳಿಸದಿದ್ದರೆ ಅದು ಹಳೇ ಬ್ಯಾಟರಿಯ ವಯಸ್ಸು ನೋಡಿಕೊಂಡೇ ಚಾರ್ಜ್ ಮಾಡುತ್ತಿರುತ್ತದೆ. ಆ ನೋಂದಣಿ ಆಯಿತೇ ಎಂದು ಬಿಲ್ಲಿನಲ್ಲಿ ನೋಡಿ. ಊರಿಗೆ ತಂದ ಮೇಲೆ, ಮೊದಲು ಎಷ್ಟು ದಿನಕ್ಕೆ ಸಾಯುತ್ತಿತ್ತೋ ಅಷ್ಟು ದಿನ ಲಾಕ್ ಮಾಡಿ ಬಿಟ್ಟು, ಬಾನೆಟ್ ತೆಗೆದು ವೋಲ್ಟೇಜ್ ಅಳೆಯಿರಿ. 12.4ಕ್ಕಿಂತ ಕೆಳಗೆ ಇಳಿದಿದ್ದರೆ ಜಾಬ್ ಕಾರ್ಡನ್ನು ಮತ್ತೆ ತೆರೆಸಬೇಕು.